ಖಾನಾವಳಿಯ ಅಕ್ಕ ಗಡಿಯಾರದ ಆಟ ಕಲಿತದ್ದು

ಶಿಕಾರಿಪುರದ ಆ ಖಾನಾವಳಿಗೆ ನಾನು ಹೋಗುತ್ತಿದ್ದುದು ರೊಟ್ಟಿಗಾಗಿ. ಶನಿವಾರ ಅಲ್ಲಿನ ಶಾಲೆಯೊಂದರಲ್ಲಿ ಚೆಸ್ ಪಾಠ ಮುಗಿಸಿ ಸೊರಬದ ಬಸ್ಸು ಹತ್ತುವ ಮೊದಲು ಹೊಟ್ಟೆ ತುಂಬಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಗಿರಾಕಿಗಳ ಗದ್ದಲ ಇಳಿದ ಹೊತ್ತಿಗೆ ಒಳಗಿನ ಕೋಣೆಯಿಂದ ಗಂಡಸೊಬ್ಬರ ಬೈಗುಳ, ಹೆಂಗಸೊಬ್ಬರ ನಗು ಒಟ್ಟೊಟ್ಟಿಗೆ ಕೇಳಿಸುತ್ತಿತ್ತು. ಮನೆಜಗಳ, ನಮಗ್ಯಾಕೆ ಎಂದು ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಒಂದು ದಿನ ಕೈ ತೊಳೆಯಲು ಒಳಗೆ ಹೋದಾಗ ನೋಡಿದರೆ ಅದು ಜಗಳವಲ್ಲ, ಚದುರಂಗ.

ಕೆಂಪು ಬಟ್ಟೆಯ ಮೇಲೆ ದಾರದಲ್ಲಿ ಮನೆಗಳನ್ನು ಹೊಲಿದಿದ್ದರು. ಕಪ್ಪು ಬಿಳುಪು ಇಲ್ಲ, ಎಲ್ಲ ಮನೆಯೂ ಕೆಂಪೇ. ಒಂದು ಕಡೆ ಖಾನಾವಳಿ ನಡೆಸುವ ಹೆಂಗಸು. ವಯಸ್ಸು ಐವತ್ತೆಂಟು, ಬಂದವರಿಗೆಲ್ಲ ಅವರು ಅಕ್ಕ, ನಾನೂ ಹಾಗೇ ಕರೆಯುತ್ತಿದ್ದೆ. ಎದುರಿಗೆ ಅವರ ಒಡಹುಟ್ಟಿದ ಅಣ್ಣ. ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟಿದ್ದವರು, ಕಿಡ್ನಿ ಕೈಕೊಟ್ಟ ಮೇಲೆ ಅಂಗಡಿ ಮುಚ್ಚಿ ತಂಗಿಯ ಜೊತೆಗೇ ಇದ್ದರು. ನಾನು ನೋಡುತ್ತಿದ್ದ ಹಾಗೆ ಅಣ್ಣನ ರಾಜ ಕುದುರೆಯ ಹಾಗೆ ಎರಡೂವರೆ ಮನೆ ಹಾರಿ ಮೂಲೆಗೆ ಹೋಗಿ ಕೂತಿತು. ಪಾಠ ಹೇಳುವವನ ಬಾಯಿ ಸುಮ್ಮನಿರಬೇಕಲ್ಲ.

"ರಾಜ ಹಾಗೆ ಹೋಗುವ ಹಾಗಿಲ್ಲ," ಎಂದೆ.

ಅಣ್ಣ ತಲೆ ಎತ್ತಲಿಲ್ಲ. "ಯಾವ ಊರಾಗ್ರಿ?" ಎಂದರು.

ಬಳ್ಳಿಗಾವಿಯಲ್ಲಿ ಅವರ ಅಪ್ಪ ಕಲಿಸಿದ ಹಳೆಯ ಆಟವಂತೆ ಅದು. ಚೆಕ್ ಬೀಳುವುದಕ್ಕೆ ಮೊದಲು ರಾಜ ಒಂದೇ ಒಂದು ಸಲ ಕುದುರೆಯಾಗಬಹುದು. ಸಿಪಾಯಿ ಎಂದೂ ಎರಡು ಮನೆ ಓಡುವಂತಿಲ್ಲ. ಕೊನೆಯ ಮನೆ ಮುಟ್ಟಿದ ಸಿಪಾಯಿ ಆ ಮನೆಯಲ್ಲಿ ಮೊದಲು ಯಾರಿದ್ದರೋ ಅವರಾಗುತ್ತದೆ, ಎಲ್ಲೆಂದರಲ್ಲಿ ಮಂತ್ರಿಯಾಗುವುದಿಲ್ಲ. ಎದುರಾಳಿಯ ಮಂತ್ರಿಗೆ ಗುರಿಯಿಟ್ಟಾಗ ಬಾಯಿಬಿಟ್ಟು ಎಚ್ಚರಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಎದುರಾಳಿಯ ಕೊನೆಯ ಕಾಯಿಯನ್ನು ಹೊಡೆಯಬಾರದು. ಹೊಡೆದರೆ ರಾಜ ಒಂಟಿಯಾಗುತ್ತಾನೆ, ಆಟ ಅಲ್ಲಿಗೆ ಸಮ. ಒಂದು ಕಾಯಿಯನ್ನು ಅವನ ಜೊತೆಗೆ ಬಿಟ್ಟು, ಆಮೇಲೆ ಕಟ್ಟಿಹಾಕಿ ಗೆಲ್ಲಬೇಕು.

ಅಲ್ಲಿಂದ ಮುಂದೆ ನನ್ನ ಎಲೆ ಒಳಕೋಣೆಯಲ್ಲೇ ಬೀಳತೊಡಗಿತು. ಒಂದು ಶನಿವಾರ ಅಕ್ಕ ಮಜ್ಜಿಗೆ ಹಾಕುತ್ತ ನಿಂತವರು, "ಮಾಸ್ತರ, ನನಗ ನಿಮ್ಮ ಆಟ ಕಲಸ್ರಿ," ಎಂದರು.

"ನಿಮಗೆ ಆಟ ಬರುತ್ತಲ್ಲ?"

"ಇದನ್ನ ಆಡೋರು ಸುತ್ತಮುತ್ತ ಯಾರದಾರ? ನಾವಿಬ್ರಾ. ಅಣ್ಣ ಹೋದ ಮ್ಯಾಲೆ ನಾ ಯಾರ ಜೊತಿ ಆಡ್ಲಿ?"

ಅಣ್ಣ ಅಲ್ಲೇ ಕೂತಿದ್ದರು. ಅವರಿಗೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಕಟ್ಟುಮಾಡಿದ್ದರಿಂದ ಸಣ್ಣ ಲೋಟದಲ್ಲಿ ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದರು. ತಂಗಿಯ ಮಾತಿಗೆ ಬೇಸರಪಟ್ಟುಕೊಳ್ಳುತ್ತಾರೆಂದು ನಾನು ಕಸಿವಿಸಿಗೊಂಡರೆ ಅವರು, "ಕಲಸ್ರಿ. ನಾನಾ ಹೇಳೀನಿ ಅಕಿಗೆ," ಎಂದರು. ಸಾವಿನ ಮಾತನ್ನು ಬದುಕಿರುವಾಗಲೇ ಹೀಗೆ ನೇರವಾಗಿ ಆಡಿಕೊಳ್ಳುವವರನ್ನು ನಾನು ಕಂಡಿರಲಿಲ್ಲ.

ಆ ವರ್ಷ ಸೊರಬದಲ್ಲಿ ಐವತ್ತೈದು ದಾಟಿದವರಿಗೆ ಒಂದು ರ‍್ಯಾಪಿಡ್ ಪಂದ್ಯಾವಳಿ, ಅಂದರೆ ಗಡಿಯಾರ ಇಟ್ಟು ಬೇಗ ಮುಗಿಸುವ ಆಟ, ನಡೆಯುವುದಿತ್ತು. ಮೊದಲ ನಾಲ್ವರನ್ನು ಜಿಲ್ಲೆಯ ಹಿರಿಯರ ತಂಡಕ್ಕೆ ಸೇರಿಸಿಕೊಳ್ಳುತ್ತಾರೆ, ಆ ತಂಡ ಪ್ರತಿ ಭಾನುವಾರ ಶಿವಮೊಗ್ಗದಲ್ಲಿ ಒಟ್ಟಿಗೆ ಕೂತು ಅಭ್ಯಾಸ ಮಾಡುತ್ತದೆ. ಅಕ್ಕನಿಗೆ ಆಡುವವರು ಬೇಕಿದ್ದರೆ ಅಲ್ಲಿದ್ದರು. ನಾಲ್ವರಲ್ಲಿ ಒಬ್ಬರಾಗಬೇಕು, ಅಷ್ಟೆ. ಅಷ್ಟೆ ಎಂದು ಆಗ ಸಲೀಸಾಗಿ ಅಂದುಬಿಟ್ಟೆ.

ಏನೂ ಬಾರದವರಿಗೆ ಕಲಿಸಿ ನನಗೆ ಅಭ್ಯಾಸ. ಚೆನ್ನಾಗಿ ಬರುವವರಿಗೆ, ಅದೂ ಬೇರೆಯದೇ ಬರುವವರಿಗೆ ಕಲಿಸುವಾಗ ಬೆವರಿಳಿಯಿತು. ಅಕ್ಕನ ಕಣ್ಣು ಚುರುಕು. ಮೂರು ನಾಲ್ಕು ನಡೆ ಮುಂದಿನದು ಅವರಿಗೆ ಒಲೆಯ ಮೇಲಿನ ಹಂಚಿನಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಕಪ್ಪು ಬಿಳುಪಿನ ಹಲಗೆ ನೋಡಿದರೆ "ಕಣ್ಣು ಕುಕ್ತಾವ್ರಿ" ಎನ್ನುತ್ತಿದ್ದರು. ಸಿಪಾಯಿಯನ್ನು ಎರಡು ಮನೆ ನೂಕಿದಾಗೆಲ್ಲ ಕದ್ದವರ ಹಾಗೆ ಅಣ್ಣನ ಮುಖ ನೋಡುತ್ತಿದ್ದರು. ಇಕ್ಕಟ್ಟು ಬಂದ ಕೂಡಲೇ ಅವರ ರಾಜ ಹಾರುತ್ತಿತ್ತು. ನಾನು ರಾಜನ ಕುತ್ತಿಗೆಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿದೆ. ಮುಟ್ಟಿದಾಗ ಬೆರಳಿಗೆ ತಗುಲಿ ನೆನಪಾಗಲಿ ಎಂದು. ಆಮೇಲೆ ಕ್ಯಾಸಲಿಂಗ್ ಹೇಳಿಕೊಟ್ಟೆ. ರಾಜ ಎರಡು ಮನೆ ಪಕ್ಕಕ್ಕೆ, ಆನೆ ಅವನನ್ನು ದಾಟಿ ಈಚೆಗೆ.

"ನಮ್ಮ ರಾಜ ಹಾರಿದ್ರ ತಪ್ಪು," ಎಂದರು ಅಕ್ಕ, "ನಿಮ್ಮ ರಾಜ ಆನಿ ಹಿಂದ ಅಡಗಿ ಕುಂತ್ರ ಸರಿ. ಚಲೋ ಐತಿ ನಿಮ್ಮ ನ್ಯಾಯ."

ಗಡಿಯಾರದ್ದು ಇನ್ನೊಂದು ಪಾಡು. ಕಾಯಿ ನಡೆಸಿದ ಕೈಯಲ್ಲೇ ಗಡಿಯಾರ ಒತ್ತಬೇಕು, ಒತ್ತಿದರೆ ನಮ್ಮ ಸಮಯ ನಿಂತು ಎದುರಿನವರದು ಓಡತೊಡಗುತ್ತದೆ. ಅಕ್ಕ ಬಲಗೈಯಲ್ಲಿ ಕಾಯಿ ಇಟ್ಟು ಎಡಗೈಯಲ್ಲಿ ಒತ್ತುತ್ತಿದ್ದರು, ಇಲ್ಲವೇ ಒತ್ತುವುದನ್ನೇ ಮರೆತು ಎದುರಿನವರು ಯಾಕೆ ಸುಮ್ಮನಿದ್ದಾರೆ ಎಂದು ಕಾಯುತ್ತಿದ್ದರು. ಅವರದೇ ಸಮಯ ಸೋರಿಹೋಗುತ್ತಿತ್ತು.

ಅಭ್ಯಾಸಕ್ಕೆಂದು ಒಂದು ಭಾನುವಾರ ಅವರನ್ನು ಸೊರಬದಲ್ಲಿ ನಾನು ಚೆಸ್ ಕಲಿಸುವ ಕೋಣೆಗೆ ಕರೆಸಿದೆ. ಅಲ್ಲಿ ಆಡಲು ಬರುವ ದೊಡ್ಡವರ ಜೊತೆ ಕೂರಿಸಿದೆ. ಮೊದಲ ಆಟದಲ್ಲೇ ಎದುರಿನ ಮೇಡಮ್ಮಿಗೆ, "ನಿಮ್ಮ ಮಂತ್ರಿ ಹುಷಾರ್ರಿ," ಎಂದು ಗಟ್ಟಿಯಾಗಿ ಹೇಳಿಬಿಟ್ಟರು. ಎದುರಾಳಿಯ ಜೊತೆ ಮಾತಾಡುವುದು ಪಂದ್ಯದಲ್ಲಿ ತಪ್ಪು. ಎರಡನೆಯ ಆಟದಲ್ಲಿ ರಾಜ ಒಮ್ಮೆ ಹಾರಿತು, ಪಂದ್ಯದ ನಿಯಮದಂತೆ ಎದುರಿನವರಿಗೆ ಹೆಚ್ಚಿನ ಸಮಯ ಕೊಟ್ಟೆ. ಮತ್ತೊಮ್ಮೆ ಹಾರಿತು, ಸೋಲು ಎಂದೆ. ಗೆದ್ದಿದ್ದ ಆಟ. ಬಸ್ಸು ಹತ್ತುವಾಗ ಅಕ್ಕ, "ಬುದ್ಧಿ ಕಲಿತೈತಿ ಮಾಸ್ತರ, ಕೈ ಕಲೀವಲ್ದು," ಎಂದರು. ಕಣ್ಣಲ್ಲಿ ನೀರಿತ್ತು.

ಮುಂದಿನ ಶನಿವಾರ ಅವರಿಗೆ ಧೈರ್ಯ ಹೇಳಲು ಜಪಾನಿನ ಕಥೆ ತೆಗೆದೆ. ಅಲ್ಲಿ ಶೋಗಿ ಎಂಬ ಅವರದೇ ಚದುರಂಗವಿದೆ. ಅದನ್ನೇ ವೃತ್ತಿ ಮಾಡಿಕೊಂಡವರಲ್ಲಿ ಕೆಲವರು ನಮ್ಮ ಚೆಸ್ ಪಂದ್ಯಗಳಿಗೂ ಬರುತ್ತಾರೆ, ಚೆನ್ನಾಗಿಯೇ ಆಡುತ್ತಾರೆ ಎಂದು ಓದಿದ್ದೆ. ಶೋಗಿಯಲ್ಲಿ ಹೊಡೆದ ಕಾಯಿ ಹೊರಗೆ ಹೋಗುವುದಿಲ್ಲ. ಹೊಡೆದವರು ಅದನ್ನು ತಮ್ಮ ಕಾಯಿಯಾಗಿ ಮತ್ತೆ ಹಲಗೆಯ ಮೇಲೆ ಇಡಬಹುದು. ಅಂಥ ಆಟದಲ್ಲಿ ಕೈ ಪಳಗಿಸಿಕೊಂಡವರು ಚೆಸ್ಸಿಗೆ ಬಂದಾಗ, ಇಲ್ಲಿ ಹೋದದ್ದು ಹೋಯಿತು ಎಂಬುದನ್ನು ಹೊಸದಾಗಿ ರೂಢಿ ಮಾಡಿಕೊಳ್ಳಬೇಕು. ಅವರಿಗೆ ಆಗಿದೆ, ನಿಮಗೂ ಆಗುತ್ತದೆ ಎಂದೆ.

ಅಕ್ಕ ಕೇಳಿಸಿಕೊಂಡರೋ ಇಲ್ಲವೋ, ಅಣ್ಣ ಮಾತ್ರ ಮುಂದಕ್ಕೆ ಬಾಗಿದರು. "ಹೊಡದ ಕಾಯಿ ತಿರುಗಿ ಬರ್ತೈತಾ?"

"ಬರುತ್ತೆ. ಆದರೆ ಹೊಡೆದವರ ಕಡೆಗೆ."

"ಯಾರ ಕಡಿಗರ ಬರ್ಲಿ ಬಿಡ್ರಿ. ಬರ್ತೈತಲ್ಲ." ಆಮೇಲೆ ಕೇಳಿದರು: "ಎರಡೂ ಆಟ ತಲ್ಯಾಗ ಇಟ್ಕೊಂಡು ಅವ್ರು ಹೆಂಗ ನಿಭಾಯಿಸ್ತಾರ?"

"ಅದು ನನಗೆ ಗೊತ್ತಿಲ್ಲ. ಒಂದನ್ನು ಆಡುವಾಗ ಇನ್ನೊಂದನ್ನು ದೂರ ಇಡುತ್ತಾರೇನೋ," ಎಂದೆ.

ಅಣ್ಣ ಎದ್ದರು. ಕಾಲು ಊದಿಕೊಂಡಿದ್ದರಿಂದ ಎದ್ದೇಳುವುದೇ ಒಂದು ಕೆಲಸ. ಗೂಟಕ್ಕೆ ತೂಗುಹಾಕಿದ್ದ ಕೆಂಪು ಬಟ್ಟೆಯನ್ನು ಇಳಿಸಿ, ಮರದ ಕಾಯಿಗಳನ್ನು ಅದರಲ್ಲೇ ಸುರಿದು ಗಂಟು ಕಟ್ಟಿ ಅಟ್ಟಕ್ಕೆ ಎಸೆದರು. "ಇವತ್ತಿಂದ ನಮ್ಮ ಆಟ ಬಂದ್. ಪಂದ್ಯ ಮುಗೀಲಿ, ಆಮ್ಯಾಗ ಆಡಾಣ. ಮಾಸ್ತರ, ನನಗೂ ಕಲಸ್ರಿ ನಿಮ್ಮ ಆಟ. ಅಕಿಗೆ ದಿನಾ ಆಡಾಕ ಯಾರರ ಬೇಕಲ್ಲ."

"ನಿನಗ್ಯಾಕ ಅಣ್ಣ ಈ ತ್ರಾಸು?" ಎಂದರು ಅಕ್ಕ.

"ನಾನು ಇರೂತನಕ ನೀ ನನ್ನ ಜೊತಿ ಆ ಆಟಾನ ಆಡ್ತಿ. ಕೈ ಎಲ್ಲಿ ಕಲೀತೈತಿ?"

ಅಣ್ಣ ಹೊಸ ಆಟ ಕಲಿತರು. ಕಲಿತದ್ದಕ್ಕಿಂತ ಬೈದದ್ದೇ ಹೆಚ್ಚು. ಆದರೂ ಕಲಿತರು. ವಾರಕ್ಕೆರಡು ಸಲ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅಲ್ಲಿಗೆ ಒಯ್ಯಲು ನನ್ನ ಅಯಸ್ಕಾಂತದ ಸಣ್ಣ ಬೋರ್ಡು, ಒಂದು ಗಡಿಯಾರ ಕೊಟ್ಟಿದ್ದೆ. ಒಮ್ಮೆ ನೋಡಲು ಹೋದೆ. ಅಣ್ಣನ ಒಂದು ಕೈಯಲ್ಲಿ ಸೂಜಿ, ಅದು ಅಲುಗಾಡುವಂತಿಲ್ಲ. ಇನ್ನೊಂದು ಕೈಯಲ್ಲಿ ಕಾಯಿ ನಡೆಸುತ್ತಾರೆ. ಸ್ಟೂಲಿನ ಮೇಲೆ ಕೂತ ಅಕ್ಕ ಅವರ ಪರವಾಗಿ ಗಡಿಯಾರ ಒತ್ತುತ್ತಾರೆ, ತಮ್ಮ ನಡೆ ಮಾಡುತ್ತಾರೆ, ತಮ್ಮದನ್ನೂ ಒತ್ತುತ್ತಾರೆ. ಎರಡೂ ಕಡೆಯ ಸಮಯ ಅಕ್ಕನ ಕೈಯಲ್ಲೇ. ಅಣ್ಣನಿಗೆ ಕಣ್ಣು ಮುಚ್ಚಿಹೋಗುವಷ್ಟು ಸುಸ್ತು, ಆದರೂ ಅಕ್ಕನ ಬೆರಳು ರಾಜನ ಹತ್ತಿರ ಹೋದರೆ ಸಾಕು, "ಹಾರಿಸಬ್ಯಾಡ" ಎನ್ನುತ್ತಿದ್ದರು. ಪಕ್ಕದ ಹಾಸಿಗೆಯವರು ತಲೆಯೆತ್ತಿ ನೋಡುತ್ತಿದ್ದರು.

ಅಕ್ಕನ ಕೈ ಕಲಿತದ್ದು ಅಲ್ಲಿ. ನಾನು ರಬ್ಬರ್ ಬ್ಯಾಂಡ್ ತೆಗೆದೆ. ಕ್ಯಾಸಲಿಂಗ್ ತಾನಾಗಿ ಬರತೊಡಗಿತು. ಎಡಗೈ ಮಡಿಲಲ್ಲಿ ಸುಮ್ಮನೆ ಕೂರುವುದನ್ನು ಕಲಿಯಿತು. ಸೊರಬಕ್ಕೆ ಮತ್ತೆ ಕರೆಸಿದಾಗ ಒಂದೂ ತಪ್ಪು ನಡೆಯಿಲ್ಲದೆ ಆಡಿದರು, ಗೆದ್ದರು. ಖುಷಿಯಿಂದ ಅಣ್ಣನಿಗೆ ಫೋನು ಮಾಡಿದೆ. "ಆತು ಹಂಗಾರ," ಎಂದರು. ದನಿ ಬಹಳ ದೂರದಿಂದ ಬಂದ ಹಾಗಿತ್ತು.

ಪಂದ್ಯಾವಳಿಗೆ ಇನ್ನೂ ಕೆಲವು ವಾರಗಳಿರುವಾಗ ಅವರು ಹೋದರು. ಆಸ್ಪತ್ರೆಯಿಂದ ಬಂದು ಮಲಗಿದವರು ಸಂಜೆ ಚಹಾಕ್ಕೆ ಏಳಲಿಲ್ಲವಂತೆ. ನಾನು ಶಿವಗಣಾರಾಧನೆಗೆ ಹೋದೆ. ಊಟಕ್ಕೆ ಕೂತವರ ನಡುವೆ ಅಕ್ಕ ತಾವೇ ಬಡಿಸುತ್ತ ಓಡಾಡುತ್ತಿದ್ದರು. ಬೇಡವೆಂದರೂ ಕೇಳಲಿಲ್ಲ. ಎಲ್ಲ ಮುಗಿದ ಮೇಲೆ ಬಂದು ನನ್ನ ಎದುರು ನೆಲದ ಮೇಲೆ ಕೂತರು.

"ಪಂದ್ಯ ಮುಗಿಸಿ ಆಡಾಣ ಅಂದಿದ್ನಲ್ರಿ ಅಣ್ಣ," ಎಂದರು. "ನಮ್ಮ ಆಟ ಕಡೀಕ ಯಾವತ್ತು ಆಡಿದ್ವಿ, ಯಾರು ಗೆದ್ವಿ, ಎಷ್ಟು ನೆನಸ್ಕೊಂಡ್ರೂ ನೆನಪಾಗವಲ್ದು. ಅದಾ ಕಡೇದು ಅಂತ ಗೊತ್ತಿದ್ರ ನೆನಪಿಟ್ಕೋತಿದ್ದೆ."

ಅಣ್ಣ ಗಂಟು ಕಟ್ಟಿದ ದಿನ ನಾನೂ ಅಲ್ಲೇ ಇದ್ದೆ. ಎಷ್ಟು ಒಳ್ಳೆಯ ಉಪಾಯ ಎಂದು ಸಂತೋಷಪಟ್ಟಿದ್ದೆ. ಆ ಸಂತೋಷ ನೆನಪಾಗಿ ಸಂಕಟವಾಯಿತು.

ಪಂದ್ಯಕ್ಕೆ ಬರುವುದು ಬೇಡ, ಹೆಸರು ತೆಗೆಸುತ್ತೇನೆ ಎಂದೆ. ಅಕ್ಕ ಬೇಡವೆಂದರು. "ಅವ ಕಲಿಸಿದ್ದು ಸುಮ್ನ ಆಗ್ತೈತಿ," ಎಂದರು.

ಪಂದ್ಯದ ದಿನ ಬೆಳಗಿನ ಮೊದಲ ಬಸ್ಸಿಗೇ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬಂದಿಳಿದರು. ಕಲ್ಯಾಣ ಮಂಟಪದಲ್ಲಿ ಆಟ. ಆಡುವವರ ಸುತ್ತ ಹಗ್ಗ ಕಟ್ಟಿದ್ದರು. ಕಲಿಸಿದವರು, ಮನೆಯವರು ಹಗ್ಗದಾಚೆ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ನಡೆಗಿಷ್ಟು ಎಂದು ಸಮಯ ಸೇರಿಸುವ ವ್ಯವಸ್ಥೆ ಇರಲಿಲ್ಲ, ಮುಗಿದರೆ ಮುಗಿಯಿತು. ಅಕ್ಕ ಮೊದಲ ಆಟ ಗೆದ್ದರು. ಮುಂದಿನದು ಸೋತರು. ಆಮೇಲೆ ಸಾಲಾಗಿ ಗೆದ್ದರು. ನಿವೃತ್ತ ಲೆಕ್ಚರರ್ ಒಬ್ಬರ ಮಂತ್ರಿಯನ್ನು ಕುದುರೆಯಿಂದ ಹಿಡಿದದ್ದು ಎಷ್ಟು ಚೆಂದವಾಗಿತ್ತೆಂದರೆ ತೀರ್ಪುಗಾರರೇ ಎರಡು ಕ್ಷಣ ಅಲ್ಲಿ ನಿಂತರು. ಕೊನೆಯ ಸುತ್ತಿಗೆ ಬರುವಾಗ ಲೆಕ್ಕ ಸರಳವಾಗಿತ್ತು. ಗೆದ್ದರೆ ತಂಡದಲ್ಲಿ ಜಾಗ, ಸಮ ಆದರೂ ಜಾಗ. ಸೋಲಬಾರದು.

ಎದುರಾಳಿ ಕುಪ್ಪಗಡ್ಡೆಯ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು. ಆಟ ಮಧ್ಯಕ್ಕೆ ಬರುವ ಹೊತ್ತಿಗೆ ಅಕ್ಕ ಒಂದು ಆನೆಯಷ್ಟು ಮುಂದಿದ್ದರು. ಕಾಯಿಗಳು ಒಂದೊಂದಾಗಿ ಹೊರಬಿದ್ದು, ಕೊನೆಗೆ ಎದುರಾಳಿಯ ರಾಜನ ಜೊತೆ ಉಳಿದದ್ದು ಒಂದೇ ಸಿಪಾಯಿ. ಅಕ್ಕನಿಗೆ ಆನೆ ಇತ್ತು, ಒಂದು ಸಿಪಾಯಿಯೂ ಇತ್ತು. ಎರಡು ಸಿಪಾಯಿಗಳೂ ತಲೆಗೆ ತಲೆ ಕೊಟ್ಟು ನಿಂತುಬಿಟ್ಟಿದ್ದವು. ಅಕ್ಕನ ಆನೆ ಹೋಗಿ ಆ ಸಿಪಾಯಿಯನ್ನು ಎತ್ತಿಕೊಳ್ಳುವುದಷ್ಟೇ ಬಾಕಿ. ಎತ್ತಿಕೊಂಡರೆ ಅಕ್ಕನ ಸಿಪಾಯಿಗೆ ದಾರಿ ಬಿಟ್ಟುಹೋಗುತ್ತದೆ, ನೆಟ್ಟಗೆ ಹೋಗಿ ಮಂತ್ರಿಯಾಗುತ್ತದೆ.

ಅಕ್ಕ ಎತ್ತಿಕೊಳ್ಳಲಿಲ್ಲ. ಆನೆಯನ್ನು ಆ ಸಾಲಿನಿಂದ ಸರಿಸಿ ರಾಜನ ಬೆನ್ನು ಹತ್ತಿದರು. ಮತ್ತೊಮ್ಮೆ ಅವಕಾಶ ಬಂತು. ಮತ್ತೆ ಬಿಟ್ಟರು. ಗಡಿಯಾರದಲ್ಲಿ ಅವರಿಗೆ ಎರಡು ನಿಮಿಷವೂ ಉಳಿದಿರಲಿಲ್ಲ. ನಾನು ಹಗ್ಗವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈ ಉರಿಯಿತು. ತಗೊಳ್ಳಿ ಅಕ್ಕ, ತಗೊಳ್ಳಿ ಎಂದು ಮನಸ್ಸಿನಲ್ಲೇ ಕೂಗಿದೆ. ಅವರು ತಾಳ್ಮೆಯಿಂದ, ಸಾಲಿಂದ ಸಾಲಿಗೆ, ರಾಜನನ್ನು ಮೂಲೆಗೆ ದೂಡುತ್ತಿದ್ದರು. ಸಮಯವಿದ್ದರೆ ಕಟ್ಟಿಹಾಕುತ್ತಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ. ಇನ್ನೇನು ಮೂಲೆ ಬಂತು ಎನ್ನುವಾಗ ಗಡಿಯಾರ ಸೊನ್ನೆ ತೋರಿಸಿತು.

ತೀರ್ಪುಗಾರರು ಬಂದು ಹಲಗೆ ನೋಡಿದರು. ಸಮಯ ಮುಗಿದವರಿಗೆ ಸೋಲು. ಎದುರಾಳಿಯ ಬಳಿ ರಾಜನ ಹೊರತು ಏನೂ ಇಲ್ಲದಿದ್ದರೆ ಆಟ ಸಮ. ಇಲ್ಲಿ ಸಿಪಾಯಿ ಇತ್ತು. ಅವರು ಫಲಿತಾಂಶ ಬರೆದರು, ಅಕ್ಕ ಸಹಿ ಹಾಕಿದರು.

ಗೆದ್ದವರಿಗೇ ಮುಖ ಸಪ್ಪಗಾಗಿತ್ತು. "ಎಂತಕ್ಕೆ ತಗಳ್ಲಿಲ್ಲ ಮಾರಾಯ್ರೆ? ತಗಂಡಿದ್ರೆ ನಾನು ಅಲ್ಲೇ ಸೋತೆ ಅಂತ ಕೈ ಕೊಡದು ಅಂತಿದ್ದೆ," ಎಂದರು. ಅಕ್ಕ ನಕ್ಕು ಅವರಿಗೆ ಕೈಮುಗಿದು ಹೊರಗೆ ಬಂದರು.

ನನಗೆ ತಡೆಯಲಾಗಲಿಲ್ಲ. "ಅಕ್ಕ, ಈ ಆಟದಲ್ಲಿ ಕೊನೆಯ ಕಾಯಿ ಹೊಡೆಯಬಹುದು ಅಂತ ಗೊತ್ತಿತ್ತಲ್ಲ? ಎಷ್ಟು ಸಲ ಹೊಡೆದಿದ್ದೀರಿ ನನ್ನೆದುರು!"

"ಗೊತ್ತಿತ್ರಿ." ಸೆರಗಿನಿಂದ ಮುಖ ಒರೆಸಿಕೊಂಡರು. "ಮರೆತಿದ್ದಿಲ್ಲ. ತಗೊಳ್ಳಾಕ ಕೈ ಚಾಚಿದೆ. ತಗೊಂಡ್ರ ಅವ ಒಬ್ಬನಾ ಆಗಿಬಿಡ್ತಾನ ಅನ್ನಿಸ್ತು. ಇವತ್ತು ನನ್ನ ಕೈಲಿ ಅದು ಆಗ್ಲಿಲ್ರಿ."

ಬಸ್ ನಿಲ್ದಾಣಕ್ಕೆ ನಡೆದು ಬಂದೆವು. ಬ್ಯಾಂಕಿನವರೂ ಸ್ಕೂಟರಿನಲ್ಲಿ ಹಿಂದೆಯೇ ಬಂದು ಅಕ್ಕನ ಕೈಗೆ ಫೋನ್ ನಂಬರ್ ಕೊಟ್ಟರು. "ತಂಡದ್ದು ಹೋಗ್ಲಿ ಬಿಡಿ. ಸೊರಬಕ್ಕೆ ಯಾವಾಗ ಬಂದ್ರೂ ಫೋನ್ ಮಾಡಿ, ಆಡನ. ನಮ್ಮನೆಯವಳಿಗೂ ಆಟ ಬರ್ತದೆ," ಎಂದರು. ಆ ಲೆಕ್ಚರರ್ ಕೂಡ ಹೋಗುವಾಗ ನನ್ನ ಹತ್ತಿರ ಅಕ್ಕನ ನಂಬರ್ ಕೇಳಿ ಬರೆದುಕೊಂಡಿದ್ದರು. ನಾನು ಅದನ್ನು ಹೇಳಿದೆ. ಸೋಲಿನ ಕಹಿ ಸ್ವಲ್ಪ ಕಡಿಮೆಯಾಗಲಿ ಎಂದು, "ತಂಡ ಇಲ್ಲದಿದ್ದರೆ ಏನಾಯ್ತು ಅಕ್ಕ, ಆಡುವವರು ಸಿಕ್ಕರಲ್ಲ," ಎಂದೆ.

"ಸಿಕ್ರು," ಎಂದರು. ನಂಬರಿನ ಚೀಟಿಯನ್ನು ಜೋಪಾನವಾಗಿ ಪರ್ಸಿನಲ್ಲಿಟ್ಟರು. ಆಮೇಲೆ ಹೇಳಿದರು: "ಮಾಸ್ತರ, ಆಡೋರು ಸಿಕ್ರ ಸಾಕು ಅಂತ ನಾನೂ ಅನ್ಕೊಂಡಿದ್ದೆ, ಅವನೂ ಅನ್ಕೊಂಡಿದ್ದ. ಇವತ್ತು ಮುಂಜಾನಿಂದ ಎಂಥೆಂಥ ಚಲೋ ಮಂದಿ ಬಂದು ನನ್ನ ಎದುರಿಗೆ ಕುಂತ್ರು. ಪ್ರತಿ ಸಲ ತಲಿ ಎತ್ತಿ ನೋಡಿದ್ರ, ಇವ್ರು ಅಣ್ಣ ಅಲ್ಲ ಅನ್ನೋದಷ್ಟಾ ಕಾಣ್ತಿತ್ರಿ."

ಶಿರಾಳಕೊಪ್ಪದ ಬಸ್ಸು ಬಂತು. ಕಿಟಕಿ ಪಕ್ಕದ ಸೀಟು ಸಿಕ್ಕಿತು. ನಾನು ಕೈಯೆತ್ತಿದೆ, ಅವರು ನೋಡಲಿಲ್ಲ. ಎದುರಿನ ಖಾಲಿ ಸೀಟನ್ನು ನೋಡುತ್ತ ಕೂತಿದ್ದರು. ಬಸ್ಸು ಹೊರಟ ಮೇಲೆ ನಿಲ್ದಾಣದ ಬೆಂಚಿನ ಮೇಲೆ, ಜನರೆಲ್ಲ ಓಡಾಡುವ ಕಡೆಯಲ್ಲೇ, ನನಗೆ ಅಳು ಬಂತು.